ಓವರ್‌ಕ್ಲಾಕಿಂಗ್‌ಗಾಗಿ ವಾಟರ್ ಕೂಲಿಂಗ್: ಮೊದಲು ನೀರಿನ ಬಿಸಿ ಅಳೆಯಿರಿ, ಆಮೇಲೆ ಸಾಮಾನು ಕೊಳ್ಳಿ

ಓವರ್‌ಕ್ಲಾಕ್ ಮಾಡಿದ, ಅಂದರೆ ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗಕ್ಕೆ ಏರಿಸಿದ, ಪ್ರೊಸೆಸರ್ 95 ಡಿಗ್ರಿ ತೋರಿಸಿದ ಕೂಡಲೇ ಬಹಳ ಜನ ಇನ್ನೂ ದೊಡ್ಡ ರೇಡಿಯೇಟರ್ ಹುಡುಕತೊಡಗುತ್ತಾರೆ. ಎಷ್ಟೋ ಸಲ ಆ ದುಡ್ಡು ದಂಡ. ಚಿಪ್‌ನಲ್ಲಿ ಹುಟ್ಟಿದ ಶಾಖ ಕೋಣೆಯ ಗಾಳಿಗೆ ಸೇರುವ ದಾರಿಯಲ್ಲಿ ಎರಡು ಕಡೆ ತಡೆ ಇದೆ. ಒಂದು, ಚಿಪ್‌ನಿಂದ ನೀರಿಗೆ. ಅಲ್ಲಿ ಕೆಲಸ ಮಾಡುವುದು ಥರ್ಮಲ್ ಪೇಸ್ಟ್ ಮತ್ತು ವಾಟರ್ ಬ್ಲಾಕ್ (ಚಿಪ್ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ, ಒಳಗೆ ಸಣ್ಣ ಗೀರುಗಳಿರುವ ಲೋಹದ ಭಾಗ). ಇನ್ನೊಂದು, ನೀರಿನಿಂದ ಗಾಳಿಗೆ. ಅಲ್ಲಿ ರೇಡಿಯೇಟರ್ ಮತ್ತು ಫ್ಯಾನ್. ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯದೆ ರೇಡಿಯೇಟರ್ ದೊಡ್ಡದು ಮಾಡಿದರೆ, ನೀರು ಐದು ಡಿಗ್ರಿ ತಣ್ಣಗಾಗಬಹುದು, ಚಿಪ್ ಅದಕ್ಕಿಂತ ಹೆಚ್ಚು ಇಳಿಯುವುದಿಲ್ಲ.

ಈ ಲೇಖನದಲ್ಲಿ ಒಂದು ನಿರ್ದಿಷ್ಟ ಯಂತ್ರವನ್ನು ಇಟ್ಟುಕೊಂಡು ಹೋಗೋಣ: ರೈಜನ್ 9 7950ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 4080 ಗ್ರಾಫಿಕ್ಸ್ ಕಾರ್ಡ್, ಈಗ ಇರುವುದು 240 ಮಿ.ಮೀ. ಎಐಒ ಕೂಲರ್ (ಪಂಪ್, ಬ್ಲಾಕ್, ರೇಡಿಯೇಟರ್ ಎಲ್ಲ ಜೋಡಿಸಿಯೇ ಬರುವ ರೆಡಿಮೇಡ್ ವಾಟರ್ ಕೂಲರ್). ಪ್ರೊಸೆಸರ್ ಸಾಕೆಟ್‌ನಿಂದ ಎಳೆಯುವ ವಿದ್ಯುತ್ತಿನ ಮಿತಿ 230 ವ್ಯಾಟ್, ಕಾರ್ಡಿನದು 320 ವ್ಯಾಟ್. ಬೇರೆ ಯಂತ್ರವಾದರೆ ಅಂಕಿ ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ.

ಈಗಿರುವ ಕೂಲರ್ ಎಲ್ಲಿ ಸೋಲುತ್ತಿದೆ?

7950ಎಕ್ಸ್ ಅನ್ನು ಹಾಗೇ ಓಡಿಸಿ ಅಳೆದರೆ ಏನೂ ಗೊತ್ತಾಗುವುದಿಲ್ಲ. ಪೂರ್ತಿ ಹೊರೆ ಬಿದ್ದಾಗ 95 ಡಿಗ್ರಿಯವರೆಗೆ ಏರಿ, ಅಲ್ಲಿಗೆ ಎಷ್ಟು ವೇಗ ಸಿಗುತ್ತದೋ ಅಷ್ಟನ್ನು ಬಳಸುವಂತೆಯೇ ಎಎಂಡಿ ಅದನ್ನು ರೂಪಿಸಿದೆ. ಆದ್ದರಿಂದ ವಿದ್ಯುತ್ತನ್ನು ಒಂದು ಮಟ್ಟದಲ್ಲಿ ಕಟ್ಟಿಹಾಕಿ ಅಳೆಯಬೇಕು. ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) 105 ವ್ಯಾಟ್ ಇಕೋ ಮೋಡ್ ಆಯ್ದುಕೊಳ್ಳಿ. ಆಗ ಪಿಪಿಟಿ, ಅಂದರೆ ಸಾಕೆಟ್‌ನಿಂದ ಎಳೆಯುವ ವಿದ್ಯುತ್ತಿನ ಮಿತಿ, 142 ವ್ಯಾಟ್‌ಗೆ ನಿಲ್ಲುತ್ತದೆ. ಫ್ಯಾನ್ ಮತ್ತು ಪಂಪ್ ಎರಡನ್ನೂ ತಮ್ಮ ತಮ್ಮ ಸ್ಥಿರ ವೇಗಕ್ಕೆ ಕಟ್ಟಿ, ಪ್ರೊಸೆಸರ್ ಮೇಲೆ ಪೂರ್ತಿ ಹೊರೆ ಹಾಕುವ ಸಿನೆಬೆಂಚ್ ಆರ್23 ತಂತ್ರಾಂಶವನ್ನು 30 ನಿಮಿಷದ ಆವೃತ್ತಿಯಲ್ಲಿ ಓಡಿಸಿ. ಪಕ್ಕದಲ್ಲಿ ಉಷ್ಣಾಂಶ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ತೆರೆದಿಡಿ. ಒಂದನೇ ನಿಮಿಷದ ಉಷ್ಣಾಂಶ ಒಂದು ಕಡೆ, ಮೂವತ್ತನೇ ನಿಮಿಷದ್ದು ಇನ್ನೊಂದು ಕಡೆ ಬರೆದುಕೊಳ್ಳಿ. ಕ್ಯಾಬಿನೆಟ್‌ನ ಗಾಳಿ ಒಳಬರುವ ಕಡೆ ಒಂದು ಥರ್ಮಾಮೀಟರ್ ಇಟ್ಟು ಕೋಣೆಯ ಉಷ್ಣಾಂಶವನ್ನೂ ಬರೆದಿಡಿ.

ಚಿಪ್‌ನಿಂದ ನೀರಿಗೆ ಇರುವ ಅಂತರ ಕೆಲವೇ ಸೆಕೆಂಡುಗಳಲ್ಲಿ ಪೂರ್ತಿ ಕಾಣಿಸಿಕೊಳ್ಳುತ್ತದೆ. ನೀರು ಕಾಯಲು ಮಾತ್ರ ಹತ್ತಿಪ್ಪತ್ತು ನಿಮಿಷ ಬೇಕು. ಇದೊಂದನ್ನು ಹಿಡಿದರೆ ನೀರಿನ ಉಷ್ಣಾಂಶ ಅಳೆಯುವ ಸಂವೇದಕವೇ ಇಲ್ಲದ ಎಐಒನಲ್ಲೂ ರೋಗ ಪತ್ತೆಯಾಗುತ್ತದೆ. ಒಂದನೇ ನಿಮಿಷಕ್ಕೆ 70, ಮೂವತ್ತಕ್ಕೆ 74 ಎಂದರೆ ರೇಡಿಯೇಟರ್ ಸಾಕಷ್ಟಿದೆ. ಒಂದನೇ ನಿಮಿಷಕ್ಕೆ 70, ಮೂವತ್ತಕ್ಕೆ 86 ಎಂದರೆ ನೀರು ಕಾಯುತ್ತಾ ಹೋಗುತ್ತಿದೆ. ರೇಡಿಯೇಟರ್ ಸಾಲದು, ಇಲ್ಲವೇ ದೂಳು ಕಟ್ಟಿದೆ, ಇಲ್ಲವೇ ಪಂಪ್ ಸೊರಗಿದೆ. ಶುರುವಿನಲ್ಲೇ 85ಕ್ಕೆ ಹಾರಿ ಅಲ್ಲೇ ನಿಂತರೆ ಪೇಸ್ಟ್, ಬ್ಲಾಕ್ ಕೂತಿರುವ ರೀತಿ ಅಥವಾ ಬ್ಲಾಕ್‌ನ ಗುಣಮಟ್ಟ ನೋಡಬೇಕು.

ಮೂರನೆಯ ತರಹದವರು ಮೊದಲು ಕಡಿಮೆ ಖರ್ಚಿನ ಕೆಲಸ ಮಾಡಿ ನೋಡಿ. ಹಳೆ ಪೇಸ್ಟ್ ಒರೆಸಿ ಹೊಸದು ಹಾಕಿ. ಎಎಂ5 (7950ಎಕ್ಸ್ ಕೂರುವ ಎಎಂಡಿ ಸಾಕೆಟ್) ಪ್ರೊಸೆಸರ್‌ಗಳಲ್ಲಿ ಬಿಸಿ ಹುಟ್ಟುವ ಚಿಪ್‌ಗಳು ನಟ್ಟನಡುವೆ ಇಲ್ಲ, ಒಂದು ಅಂಚಿನತ್ತ ಇವೆ. ಬ್ಲಾಕನ್ನು ಆ ಕಡೆಗೆ ಏಳು ಮಿ.ಮೀ.ನಷ್ಟು ಸರಿಸುವ ಆಫ್‌ಸೆಟ್ ಬ್ರಾಕೆಟ್ ನಿಮ್ಮ ಕೂಲರ್‌ಗೆ ಸಿಕ್ಕರೆ ಒಂದರಿಂದ ಮೂರು ಡಿಗ್ರಿ ಇಳಿಯುತ್ತದೆ. ಇಷ್ಟರಲ್ಲೇ ತೃಪ್ತಿಯಾದರೆ ಕಸ್ಟಮ್ ಲೂಪ್ (ಬಿಡಿ ಸಾಮಾನು ಕೊಂಡು ನೀವೇ ಜೋಡಿಸುವ ವಾಟರ್ ಕೂಲಿಂಗ್) ಬೇಡ.

ಪ್ರೊಸೆಸರ್ ಒಂದಕ್ಕೇ ಕಸ್ಟಮ್ ಲೂಪ್ ಕಟ್ಟುವುದನ್ನು ನಾವು ಶಿಫಾರಸು ಮಾಡುವುದಿಲ್ಲ. 7950ಎಕ್ಸ್‌ನ 230 ವ್ಯಾಟ್‌ನಲ್ಲಿ ಬಹುಪಾಲು ಎರಡು ಪುಟ್ಟ ಚಿಪ್‌ಗಳಿಂದ ಹೊರಡುತ್ತದೆ, ಒಂದೊಂದೂ ಸುಮಾರು 70 ಚದರ ಮಿ.ಮೀ. ಅಗಲ. ಮೇಲೆ ದಪ್ಪ ತಾಮ್ರದ ಮುಚ್ಚಳ. ಎಂಥ ಬ್ಲಾಕ್ ಹಾಕಿದರೂ ಪೂರ್ತಿ ಹೊರೆಯಲ್ಲಿ ಚಿಪ್‌ಗೂ ನೀರಿಗೂ 50 ಡಿಗ್ರಿ ಅಂತರ ಉಳಿಯುವುದು ಸಾಮಾನ್ಯ. ಗ್ರಾಫಿಕ್ಸ್ ಕಾರ್ಡಿನ ಕಥೆ ಬೇರೆ: ಮುಚ್ಚಳವಿಲ್ಲ, ಬ್ಲಾಕ್ ನೇರವಾಗಿ ಚಿಪ್ ಮೇಲೆ ಕೂರುತ್ತದೆ, ಚಿಪ್ ಅಗಲವೂ ಹೆಚ್ಚು. 320 ವ್ಯಾಟ್‌ನಲ್ಲೂ ನೀರಿಗಿಂತ 10-15 ಡಿಗ್ರಿ ಮಾತ್ರ ಮೇಲಿರುತ್ತದೆ. ಹಾಗಾಗಿ ಲೂಪ್‌ಗೆ ಹಾಕುವ ದುಡ್ಡು ನಿಜವಾಗಿ ಫಲ ಕೊಡುವುದು ಕಾರ್ಡನ್ನೂ ಸೇರಿಸಿದಾಗ.

ರೇಡಿಯೇಟರ್ ಲೆಕ್ಕ

ನೀರು ಕೋಣೆಗಿಂತ ಸುಮಾರು 10 ಡಿಗ್ರಿ ಮೇಲಿರಲು ಬಿಟ್ಟರೆ, 1200-1300 ಆರ್‌ಪಿಎಂನ ಫ್ಯಾನ್ ಜೊತೆ ಪ್ರತಿ 120 ಮಿ.ಮೀ. ಭಾಗ ಸರಿಸುಮಾರು 100 ವ್ಯಾಟ್ ಹೊರಹಾಕುತ್ತದೆ. ಇದು ಅಂದಾಜಿನ ಲೆಕ್ಕ, ಆದರೆ ಖರೀದಿಗೆ ಸಾಕು. ನಮ್ಮ ಯಂತ್ರದ ಒಟ್ಟು 550 ವ್ಯಾಟ್‌ಗೆ ಎರಡು 360 ರೇಡಿಯೇಟರ್, ಅಂದರೆ ಆರು ಭಾಗ, ಸರಿಯಾಗಿ ಹೊಂದುತ್ತದೆ.

ಒಂದೇ 360ರಲ್ಲಿ ಮುಗಿಸಲು ಹೋದರೆ ಭಾಗಕ್ಕೆ 183 ವ್ಯಾಟ್ ಬೀಳುತ್ತದೆ, ನೀರು ಕೋಣೆಗಿಂತ 18 ಡಿಗ್ರಿ ಮೇಲೇರುತ್ತದೆ. ಮೈಸೂರಿನ 28 ಡಿಗ್ರಿ ಕೋಣೆಯಲ್ಲಿ ನೀರು 46ಕ್ಕೆ ನಿಂತೀತು. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಏಪ್ರಿಲ್-ಮೇ ತಿಂಗಳಲ್ಲಿ, ಎಸಿ ಇಲ್ಲದ 40 ಡಿಗ್ರಿ ಕೋಣೆಯಲ್ಲಿ ಅದೇ ನೀರು 58. ಕಸ್ಟಮ್ ಲೂಪ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಡಿ5 ಪಂಪ್‌ಗೆ ತಯಾರಕರು ಹೇಳುವ ಮಿತಿಯೇ 60 ಡಿಗ್ರಿ. ಪಿಇಟಿಜಿ ಎಂಬ ಪ್ಲಾಸ್ಟಿಕ್‌ನ ಗಟ್ಟಿ ಪೈಪ್ ಮೆತ್ತಗಾಗಿ ಫಿಟ್ಟಿಂಗ್‌ನಿಂದ ಜಾರುವ ಅಪಾಯವೂ ಅಷ್ಟರ ಆಸುಪಾಸಿನಲ್ಲೇ. ನೀರು ಎಂದೂ ಕೋಣೆಗಿಂತ ತಣ್ಣಗಾಗುವುದಿಲ್ಲ. ನಿಮ್ಮ ಊರಿನ ಅತಿ ಕೆಟ್ಟ ಬೇಸಿಗೆ ದಿನವನ್ನು ಇಟ್ಟುಕೊಂಡೇ ಲೆಕ್ಕ ಹಾಕಿ.

ದಪ್ಪದ ವಿಷಯ: 30 ಮಿ.ಮೀ. ರೇಡಿಯೇಟರ್ ಮತ್ತು 25 ಮಿ.ಮೀ. ಫ್ಯಾನ್ ಸೇರಿ 55 ಮಿ.ಮೀ. ಕ್ಯಾಬಿನೆಟ್‌ನ ಮೇಲ್ಭಾಗದಲ್ಲಿ ಹಾಕುವುದಾದರೆ ರ‍್ಯಾಮ್ ಎತ್ತರ ಮತ್ತು ಮದರ್‌ಬೋರ್ಡ್‌ನ ಹೀಟ್‌ಸಿಂಕ್ ಅಳೆದೇ ಕೊಳ್ಳಿ. 60 ಮಿ.ಮೀ. ದಪ್ಪದ್ದು ಕಡಿಮೆ ವೇಗದ ಫ್ಯಾನ್ ಜೊತೆ ಹೆಚ್ಚೇನೂ ಕೊಡುವುದಿಲ್ಲ. ಜಾಗವಿದ್ದರೆ ದಪ್ಪಕ್ಕಿಂತ ಅಗಲವೇ ಮೇಲು.

ಸಾಮಾನುಗಳು

ಲೋಹವನ್ನು ಮೊದಲು ನೋಡಿ. ಬಹುತೇಕ ಎಐಒಗಳ ರೇಡಿಯೇಟರ್ ಅಲ್ಯುಮಿನಿಯಂ. ಅದನ್ನು ಬಿಚ್ಚಿ ತಾಮ್ರದ ಬ್ಲಾಕ್ ಇರುವ ಲೂಪ್‌ಗೆ ಸೇರಿಸಿದರೆ ನೀರಿನಲ್ಲಿ ಎರಡು ಲೋಹಗಳು ಬ್ಯಾಟರಿಯಂತೆ ವರ್ತಿಸಿ ಅಲ್ಯುಮಿನಿಯಂ ಕರಗತೊಡಗುತ್ತದೆ. ಆ ಕೆಸರು ಬ್ಲಾಕ್‌ನ ಸಣ್ಣ ಗೀರುಗಳಲ್ಲಿ ಹೋಗಿ ಕೂರುತ್ತದೆ. ತಾಮ್ರ, ಹಿತ್ತಾಳೆ, ನಿಕಲ್ ಲೇಪ, ಇಷ್ಟು ಬಿಟ್ಟು ಬೇರೇನೂ ಬೇಡ. ಹಳೆಯ ಎಐಒದಿಂದ ಉಳಿಸಿಕೊಳ್ಳಬಹುದಾದದ್ದು ಫ್ಯಾನ್ ಮಾತ್ರ.

ಬೇಕಾಗುವುದು ಇಷ್ಟು:

- 360 ಮಿ.ಮೀ. ತಾಮ್ರದ ರೇಡಿಯೇಟರ್ 2, ಒತ್ತಡ ಹೆಚ್ಚಿರುವ 120 ಮಿ.ಮೀ. ಫ್ಯಾನ್ 6
- ಎಎಂ5ಗೆ ಹೊಂದುವ ಪ್ರೊಸೆಸರ್ ಬ್ಲಾಕ್ 1. ನಿಮ್ಮ ಕಾರ್ಡಿನ ನಿಖರ ಮಾದರಿಗೇ ಮಾಡಿದ ಪೂರ್ಣ ಬ್ಲಾಕ್ 1
- ಡಿ5 ಪಂಪ್ ಮತ್ತು ರಿಸರ್ವಾಯರ್ (ನೀರಿನ ತೊಟ್ಟಿ) ಒಟ್ಟಿಗಿರುವ ಘಟಕ 1
- 10/16 ಮಿ.ಮೀ. (ಒಳ ವ್ಯಾಸ 10, ಹೊರ ವ್ಯಾಸ 16) ಇಪಿಡಿಎಂ ರಬ್ಬರ್ ಟ್ಯೂಬ್ 3 ಮೀಟರ್
- ಅದೇ ಅಳತೆಯ ಜಿ 1/4 (ಥ್ರೆಡ್‌ನ ಅಳತೆ) ಕಂಪ್ರೆಷನ್ ಫಿಟ್ಟಿಂಗ್ 12, ತಿರುಗುವ 90 ಡಿಗ್ರಿ ಫಿಟ್ಟಿಂಗ್ 4
- ನೀರು ಬಸಿಯಲು ಟಿ ಫಿಟ್ಟಿಂಗ್ 1, ಬಾಲ್ ವಾಲ್ವ್ 1, ಸ್ಟಾಪ್ ಪ್ಲಗ್ 2
- ಜಿ 1/4 ನೀರಿನ ಉಷ್ಣಾಂಶ ಸಂವೇದಕ 1, 10 ಕಿಲೋಓಮ್ ಮಾದರಿ
- ರೆಡಿಮೇಡ್ ಕೂಲಂಟ್ 2 ಲೀಟರ್, ಡಿಸ್ಟಿಲ್ಡ್ ವಾಟರ್ 10 ಲೀಟರ್
- ಗಾಳಿ ತುಂಬಿ ಸೋರಿಕೆ ನೋಡುವ ಪ್ರೆಶರ್ ಟೆಸ್ಟರ್ 1

ಫಿಟ್ಟಿಂಗ್ ಮತ್ತು ಟ್ಯೂಬ್ ಅಳತೆ ಎರಡೂ ಒಂದೇ ಆಗಿರಬೇಕು. 10/13ರ ಫಿಟ್ಟಿಂಗ್‌ಗೆ 10/16ರ ಟ್ಯೂಬ್ ಹೊಂದುವುದಿಲ್ಲ. ಪಾರದರ್ಶಕ ಪಿವಿಸಿ ಟ್ಯೂಬ್ ನೋಡಲು ಚೆಂದ, ಆದರೆ ಅದನ್ನು ಮೆತ್ತಗಿಡುವ ರಾಸಾಯನಿಕ ಕಾಲಕ್ರಮೇಣ ನೀರಿಗಿಳಿದು ಬ್ಲಾಕ್‌ನಲ್ಲಿ ಬಿಳಿ ಲೋಳೆಯಾಗಿ ಕಟ್ಟುತ್ತದೆ. ಓವರ್‌ಕ್ಲಾಕಿಂಗ್ ಯಂತ್ರಕ್ಕೆ ಕಪ್ಪು ಇಪಿಡಿಎಂ ಒಳ್ಳೆಯದು.

ನಲ್ಲಿ ನೀರು, ಬೋರ್‌ವೆಲ್ ನೀರು ತೊಳೆಯುವುದಕ್ಕೂ ಬೇಡ. ಬೋರ್‌ವೆಲ್ ನೀರು ಬಕೆಟ್‌ಗೆ ಬಿಳಿ ಪೊರೆ ಕಟ್ಟುವುದನ್ನು ನೋಡಿಯೇ ಇದ್ದೀರಿ. ಅದೇ ಪೊರೆ ಅರ್ಧ ಮಿ.ಮೀ.ಗಿಂತ ಕಿರಿದಾದ ಗೀರುಗಳಲ್ಲಿ ಕಟ್ಟಿದರೆ ಬ್ಲಾಕ್ ಕೆಲಸಕ್ಕೆ ಬಾರದು. ಹಾಗೆಂದು ಬರೀ ಡಿಸ್ಟಿಲ್ಡ್ ವಾಟರ್ ತುಂಬಿ ಬಿಡುವುದೂ ಸರಿಯಲ್ಲ, ತುಕ್ಕು ಮತ್ತು ಪಾಚಿ ತಡೆಯುವ ಅಂಶ ಅದರಲ್ಲಿಲ್ಲ.

ಜೋಡಣೆ

ರೇಡಿಯೇಟರ್ ತೊಳೆಯುವುದು ಮೊದಲ ಕೆಲಸ. ಬೆಸುಗೆ ಹಾಕುವಾಗ ಬಳಸಿದ ಫ್ಲಕ್ಸ್ ಒಳಗೇ ಉಳಿದಿರುತ್ತದೆ. ಉಗುರು ಬೆಚ್ಚಗಿನ ಡಿಸ್ಟಿಲ್ಡ್ ವಾಟರ್ ಅರ್ಧದಷ್ಟು ತುಂಬಿ, ಬಾಯಿಗಳನ್ನು ಪ್ಲಗ್‌ನಿಂದ ಮುಚ್ಚಿ, ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ, ಬಿಳಿ ಪಾತ್ರೆಗೆ ಸುರಿಯಿರಿ. ಕಪ್ಪು ಕಣ, ಎಣ್ಣೆ ಪಸೆ ಕಾಣದಂತಾಗುವವರೆಗೆ ಹೀಗೇ ಮಾಡಿ. ನಾಲ್ಕೈದು ಸಲವಾದರೂ ಬೇಕಾಗುತ್ತದೆ. ಇದನ್ನು ಬಿಟ್ಟವರ ಕೂಲಂಟ್ ಕೆಲವೇ ವಾರಗಳಲ್ಲಿ ಬಣ್ಣಗೆಡುತ್ತದೆ.

ಫ್ಯಾನ್ ಬಿಗಿಯುವಾಗ ಸ್ಕ್ರೂ ಉದ್ದ ನೋಡಿ. 25 ಮಿ.ಮೀ. ಫ್ಯಾನ್‌ಗೆ 30 ಮಿ.ಮೀ. ಸ್ಕ್ರೂ ಸರಿ. ಅದಕ್ಕಿಂತ ಉದ್ದದ್ದು ರೇಡಿಯೇಟರ್‌ನ ನೀರಿನ ಕೊಳವೆಯನ್ನೇ ಚುಚ್ಚಬಹುದು. ಆ ತೂತಿಗೆ ರಿಪೇರಿ ಇಲ್ಲ. ಕೈಗೆ ತಡೆ ಸಿಕ್ಕ ಕೂಡಲೇ ನಿಲ್ಲಿಸಿ.

ಗ್ರಾಫಿಕ್ಸ್ ಕಾರ್ಡ್ ಬಿಚ್ಚುವ ಕೆಲಸಕ್ಕೆ ಒಂದು ಗಂಟೆ ಎತ್ತಿಡಿ. ಹಳೆ ಕೂಲರ್ ಎತ್ತುವಾಗ ಒಂದೇ ಸಮ ಎಳೆಯಬೇಡಿ, ಫ್ಯಾನ್‌ನ ಸಣ್ಣ ವೈರುಗಳು ಬೋರ್ಡ್‌ಗೆ ಸಿಕ್ಕಿರುತ್ತವೆ. ಮೆಮೊರಿ ಮತ್ತು ವಿಆರ್‌ಎಂ (ಚಿಪ್‌ಗೆ ಹೋಗುವ ವೋಲ್ಟೇಜ್ ನಿಯಂತ್ರಿಸುವ ಭಾಗ) ಮೇಲೆ ಕೂರುವ ಥರ್ಮಲ್ ಪ್ಯಾಡ್‌ಗಳ ದಪ್ಪ ಬ್ಲಾಕ್‌ನ ಕೈಪಿಡಿಯಲ್ಲಿ ಹೇಳಿದಂತೆಯೇ ಇರಬೇಕು. 1 ಮಿ.ಮೀ. ಜಾಗಕ್ಕೆ 1.5ರದ್ದು ಹಾಕಿದರೆ ಬ್ಲಾಕ್ ಎತ್ತಿಕೊಂಡು ಮುಖ್ಯ ಚಿಪ್‌ಗೆ ಸರಿಯಾಗಿ ತಾಗುವುದಿಲ್ಲ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಅರ್ಧರ್ಧ ಸುತ್ತು ಬಿಗಿಯುತ್ತಾ ಬನ್ನಿ. ಬಿಗಿದ ಮೇಲೆ ಒಮ್ಮೆ ಬಿಚ್ಚಿ ಪೇಸ್ಟ್ ಹೇಗೆ ಹರಡಿದೆ ನೋಡಿ, ಹೊಸ ಪೇಸ್ಟ್ ಹಾಕಿ ಮತ್ತೆ ಕೂರಿಸುವುದು ಒಳ್ಳೆಯದು. ಲೂಪ್ ತುಂಬಿದ ಮೇಲೆ ಈ ತಪ್ಪು ಸರಿಪಡಿಸಲು ಇಡೀ ನೀರು ಬಸಿಯಬೇಕಾಗುತ್ತದೆ.

ಪ್ರೊಸೆಸರ್ ಬ್ಲಾಕ್‌ನಲ್ಲಿ ನೀರು ಒಳಬರುವ ಬಾಯಿ ಯಾವುದೆಂದು ಗುರುತು ಇರುತ್ತದೆ. ಅದು ನೀರನ್ನು ಗೀರುಗಳ ನಡುವಿಗೇ ಚಿಮ್ಮಿಸುತ್ತದೆ. ಅದಲುಬದಲಾದರೆ ಕೆಲವು ಡಿಗ್ರಿ ಕಳೆದುಕೊಳ್ಳುತ್ತೀರಿ.

ಉಳಿದಂತೆ ಯಾವುದರ ನಂತರ ಯಾವುದು ಎಂಬ ಕ್ರಮಕ್ಕೆ ಜನ ಕೊಡುವಷ್ಟು ಮಹತ್ವ ಬೇಡ. ನಿಮಿಷಕ್ಕೆ ಒಂದು ಲೀಟರ್ ಹರಿಯುವ ನೀರು ಒಂದು ಡಿಗ್ರಿ ಏರಲು ಸುಮಾರು 70 ವ್ಯಾಟ್ ಬೇಕು. ಡಿ5 ಪಂಪ್ ಇಂಥ ಲೂಪ್‌ನಲ್ಲಿ ನಿಮಿಷಕ್ಕೆ 4 ಲೀಟರ್ ಓಡಿಸಿದರೆ, 550 ವ್ಯಾಟ್ ಪೂರ್ತಿ ಸೇರಿದರೂ ನೀರು ಎರಡೇ ಡಿಗ್ರಿ ಏರುತ್ತದೆ. ಅಂದಮೇಲೆ ಕಾರ್ಡ್ ಮೊದಲೋ ಪ್ರೊಸೆಸರ್ ಮೊದಲೋ ಎಂಬುದು ಒಂದೆರಡು ಡಿಗ್ರಿಯ ಮಾತು. ಟ್ಯೂಬ್ ಚಿಕ್ಕದಾಗುವ, ಮಡಚಿಕೊಳ್ಳದ ದಾರಿ ಹಿಡಿಯಿರಿ. ತಪ್ಪಬಾರದ ನಿಯಮ ಒಂದೇ: ರಿಸರ್ವಾಯರ್‌ನಿಂದ ನೀರು ನೇರ ಪಂಪ್‌ನ ಬಾಯಿಗೆ ಇಳಿಯಬೇಕು. ಬಸಿಯುವ ವಾಲ್ವ್ ಲೂಪ್‌ನ ಅತಿ ತಗ್ಗಿನ ಜಾಗದಲ್ಲಿರಲಿ.

ಟ್ಯೂಬನ್ನು ಚೂಪಾದ ಬ್ಲೇಡ್‌ನಿಂದ ನೇರವಾಗಿ ಕತ್ತರಿಸಿ, ಫಿಟ್ಟಿಂಗ್‌ನ ಬುಡದವರೆಗೆ ತಳ್ಳಿ, ಆಮೇಲೆ ಹೊರಬಳೆ ತಿರುಗಿಸಿ. ನೀರು ತಡೆಯುವುದು ಓ-ರಿಂಗ್, ನಿಮ್ಮ ತೋಳ್ಬಲವಲ್ಲ. ಕೈಯಲ್ಲೇ ಬಿಗಿದರೆ ಸಾಕು. ಅಕ್ರಿಲಿಕ್ ಬ್ಲಾಕ್‌ಗೆ ಪಾನಾ ಹಾಕಿ ಬಿಗಿದರೆ ಬಿರುಕು ಖಂಡಿತ.

ಡಿ5 ಪೂರ್ತಿ ವೇಗದಲ್ಲಿ 23 ವ್ಯಾಟ್‌ವರೆಗೆ, ಅಂದರೆ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಸಾಮಾನ್ಯ ಫ್ಯಾನ್ ಹೆಡರ್ (ಮದರ್‌ಬೋರ್ಡ್‌ನಲ್ಲಿ ಫ್ಯಾನ್ ಸಿಕ್ಕಿಸುವ ಪಿನ್‌ಗಳು) ತಡೆಯುವುದು 1 ಆಂಪಿಯರ್. ಪಂಪ್‌ಗೆ ಕರೆಂಟ್ ಎಸ್‌ಎಂಪಿಎಸ್‌ನಿಂದ (ಯಂತ್ರದ ಪವರ್ ಸಪ್ಲೈ) ನೇರವಾಗಿ ಕೊಡಿ. ವೇಗದ ಸಂಕೇತದ ವೈರ್ ಮಾತ್ರ ಸಿಪಿಯು ಫ್ಯಾನ್ ಹೆಡರ್‌ಗೆ ಹೋಗಲಿ. ಪಂಪ್ ನಿಂತಿದ್ದರೆ ಯಂತ್ರ ಹೊತ್ತಿಸಿದ ಕೂಡಲೇ ಬಯಾಸ್ ಎಚ್ಚರಿಸುತ್ತದೆ.

ಸೋರಿಕೆ ಪರೀಕ್ಷೆ ಮತ್ತು ನೀರು ತುಂಬುವುದು

ಮೊದಲು ಗಾಳಿ. ಪ್ರೆಶರ್ ಟೆಸ್ಟರ್ ಸಿಕ್ಕಿಸಿ 0.3ರಿಂದ 0.4 ಬಾರ್ ತುಂಬಿ 30 ನಿಮಿಷ ಬಿಡಿ. ರಬ್ಬರ್ ಟ್ಯೂಬ್ ಸ್ವಲ್ಪ ಹಿಗ್ಗುವುದರಿಂದ ಮೊದಲ ನಿಮಿಷಗಳಲ್ಲಿ ಮುಳ್ಳು ಚೂರು ಇಳಿಯಬಹುದು. ಆಮೇಲೂ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಒಂದೊಂದೇ ಭಾಗವನ್ನು ಪ್ಲಗ್ ಹಾಕಿ ಬೇರ್ಪಡಿಸಿ ಹುಡುಕಿ.

ಆಮೇಲೆ ನೀರು. ಮದರ್‌ಬೋರ್ಡ್‌ನ 24 ಪಿನ್, 8 ಪಿನ್, ಕಾರ್ಡಿನ ಕೇಬಲ್ ಎಲ್ಲ ಬಿಚ್ಚಿ, ಪಂಪ್ ಒಂದಕ್ಕೇ ಎಸ್‌ಎಂಪಿಎಸ್ ಸಂಪರ್ಕ ಉಳಿಸಿ. ಸ್ವಿಚ್ ಆರಿಸಿಟ್ಟು, 24 ಪಿನ್ ಕನೆಕ್ಟರ್‌ನ 16ನೇ ಪಿನ್ ಮತ್ತು ಪಕ್ಕದ 17ನೇ ಗ್ರೌಂಡ್ ಪಿನ್ ನಡುವೆ ಜಂಪರ್ ಹಾಕಿ. ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಪೇಪರ್ ಇಡಿ. ರಿಸರ್ವಾಯರ್ ತುಂಬಿ, ಸ್ವಿಚ್ ಹಾಕಿ. ನೀರು ತಳಮುಟ್ಟುವ ಮೊದಲೇ ಆರಿಸಿ, ಮತ್ತೆ ತುಂಬಿ. ಡಿ5ರ ಬೇರಿಂಗ್‌ಗೆ ನೀರೇ ಎಣ್ಣೆ. ಒಣಗಿ ಓಡಿಸಿದರೆ ಕೆಲವೇ ಹೊತ್ತಿನಲ್ಲಿ ಕೆಡುತ್ತದೆ. ನಮ್ಮ ಲೂಪ್ ಸುಮಾರು ಒಂದು ಲೀಟರ್ ಕುಡಿಯುತ್ತದೆ.

ರಿಸರ್ವಾಯರ್ ಮುಚ್ಚಳ ಸಡಿಲವಾಗಿಟ್ಟು, ಕ್ಯಾಬಿನೆಟ್ಟನ್ನು ನಾಲ್ಕೂ ಕಡೆ ಮೆಲ್ಲಗೆ ವಾಲಿಸುತ್ತಾ ಗಾಳಿ ಹೊರಡಿಸಿ. ಗೊರಗೊರ ಸದ್ದು ನಿಂತ ಮೇಲೂ ಆರೆಂಟು ಗಂಟೆ ಹಾಗೇ ಓಡಲಿ. ಟಿಶ್ಯೂ ಒಣಗೇ ಇದ್ದರೆ ಕೇಬಲ್‌ಗಳನ್ನು ಸಿಕ್ಕಿಸಿ. ಕೂಲಂಟ್ ಡಬ್ಬಿಯ ಮೇಲೆ ವಿದ್ಯುತ್ ಹರಿಸದು ಎಂದು ಬರೆದಿದ್ದರೂ ನಂಬಿ ಕೂರಬೇಡಿ. ಬೋರ್ಡ್ ಮೇಲಿನ ದೂಳು ಸೇರಿದ ಕ್ಷಣವೇ ಅದು ಹರಿಸುತ್ತದೆ. ಎಲ್ಲಾದರೂ ತೊಟ್ಟಿಕ್ಕಿದರೆ ಒರೆಸಿ, ಒಂದು ದಿನ ಪೂರ್ತಿ ಒಣಗಿಸಿಯೇ ಮುಂದುವರಿಯಿರಿ.

ಫ್ಯಾನ್ ಓಡಬೇಕಾದ್ದು ನೀರಿನ ಲೆಕ್ಕದಲ್ಲಿ

ಪ್ರೊಸೆಸರ್ ಉಷ್ಣಾಂಶಕ್ಕೆ ಫ್ಯಾನ್ ಕಟ್ಟಿದರೆ ಬ್ರೌಸರ್ ತೆರೆದಾಗಲೆಲ್ಲ ಫ್ಯಾನ್ ಅರಚುತ್ತದೆ, ನೀರು ಮಾತ್ರ ತಣ್ಣಗೇ ಇರುತ್ತದೆ. ಸಂವೇದಕವನ್ನು ಮದರ್‌ಬೋರ್ಡ್‌ನ ಎರಡು ಪಿನ್ ಹೆಡರ್‌ಗೆ ಸಿಕ್ಕಿಸಿ, ಆರೂ ಫ್ಯಾನ್‌ಗಳನ್ನು ಅದಕ್ಕೆ ಕಟ್ಟಿ. 28 ಡಿಗ್ರಿ ಕೋಣೆಗೆ ಒಳ್ಳೆಯ ಆರಂಭ: ನೀರು 32ರವರೆಗೆ 600 ಆರ್‌ಪಿಎಂ, 38ಕ್ಕೆ 1200, 42ಕ್ಕೆ 1500, 48ಕ್ಕೆ ಪೂರ್ತಿ ವೇಗ. ಕೋಣೆ ಬಿಸಿಯಾದಷ್ಟೂ ಈ ಅಂಕಿಗಳನ್ನು ಮೇಲೆ ಸರಿಸಿ. ಪಂಪನ್ನು ಶೇ. 60-70ರಲ್ಲಿ ಸ್ಥಿರವಾಗಿ ಬಿಡಿ. ಅದಕ್ಕೂ ಮೇಲೆ ಸದ್ದು ಹೆಚ್ಚು, ಲಾಭ ಕಡಿಮೆ. 55 ಡಿಗ್ರಿಗೆ ಯಂತ್ರ ತಾನೇ ಆರುವಂತೆ ವ್ಯವಸ್ಥೆ ಮಾಡಿ.

ಈಗ ಓವರ್‌ಕ್ಲಾಕ್

ಇಕೋ ಮೋಡ್‌ನಲ್ಲಿ ಮೊದಲಿನ 30 ನಿಮಿಷದ ಪರೀಕ್ಷೆಯನ್ನೇ ಮತ್ತೆ ಮಾಡಿ, ಹಳೆ ಅಂಕಿಯ ಪಕ್ಕ ಬರೆಯಿರಿ. ಒಂದನೇ ನಿಮಿಷದ ಅಂಕಿ ಹಳೆಯದಕ್ಕಿಂತ ಏರಿದ್ದರೆ ಬ್ಲಾಕ್ ಸರಿಯಾಗಿ ಕೂತಿಲ್ಲ. ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ. ಸರಿಯಿದ್ದರೆ ಇಕೋ ಮೋಡ್ ತೆಗೆಯಿರಿ.

ಈ ಪ್ರೊಸೆಸರ್‌ಗೆ ವೋಲ್ಟೇಜ್ ಏರಿಸುವುದು ಹಳೆ ಕಾಲದ ದಾರಿ. ಬಿಸಿಯೇ ಮಿತಿಯಾದಾಗ ವೋಲ್ಟೇಜ್ ಇಳಿಸಿದರೆ ಚಿಪ್ ತಾನೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಬಯಾಸ್‌ನ ಪಿಬಿಒ (ಎಎಂಡಿಯ ಓವರ್‌ಕ್ಲಾಕಿಂಗ್ ಸೌಲಭ್ಯ) ಅಡ್ವಾನ್ಸ್ಡ್‌ನಲ್ಲಿ, ಕೋರ್‌ಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರ್ ತೆರೆದು ಎಲ್ಲ ಕೋರ್‌ಗಳಿಗೂ ಋಣ 10 ಕೊಡಿ. ಒಂದು ಹೆಜ್ಜೆ ಸುಮಾರು 3ರಿಂದ 5 ಮಿಲಿವೋಲ್ಟ್. ಗಟ್ಟಿಯಾಗಿ ನಿಂತರೆ ಋಣ 15, ಆಮೇಲೆ 20. ತಯಾರಿಕೆಯಲ್ಲೇ ಅತ್ಯುತ್ತಮ ಎಂದು ಗುರುತಾದ ಕೋರ್‌ಗಳು ಕಡಿಮೆ ಇಳಿಕೆಯನ್ನಷ್ಟೇ ತಾಳುತ್ತವೆ, ಅವುಗಳಿಗೆ ಬೇರೆ ಅಂಕಿ ಇಡಿ. ಗರಿಷ್ಠ ವೇಗವನ್ನು 200 ಮೆಗಾಹರ್ಟ್ಸ್‌ವರೆಗೆ ಏರಿಸಲು ಅವಕಾಶವಿದೆ, ಆದರೆ ಅದನ್ನು ಕೊನೆಗಿಡಿ. ಎಸ್ಒಸಿ ವೋಲ್ಟೇಜ್ (ಪ್ರೊಸೆಸರ್‌ನಲ್ಲಿ ಮೆಮೊರಿ ನಿಯಂತ್ರಕ ಮುಂತಾದ ಭಾಗಗಳಿಗೆ ಹೋಗುವುದು) 1.3 ದಾಟಬಾರದು, 2023ರಲ್ಲಿ ಎಎಂ5 ಪ್ರೊಸೆಸರ್‌ಗಳು ಸುಟ್ಟ ಸುದ್ದಿ ಬಂದ ಮೇಲೆ ಎಎಂಡಿಯೇ ಹಾಕಿದ ಮಿತಿ ಅದು, ಹಾಗಾಗಿ ಹಳೆಯ ಬಯಾಸ್ ಇದ್ದರೆ ಮೊದಲು ಅಪ್‌ಡೇಟ್ ಮಾಡಿ.

ಸಿನೆಬೆಂಚ್ ದಾಟಿದ ಮಾತ್ರಕ್ಕೆ ಗಟ್ಟಿ ಎನ್ನಬೇಡಿ. ಕರ್ವ್ ಆಪ್ಟಿಮೈಸರ್ ತಪ್ಪಿದರೆ ಯಂತ್ರ ಬೀಳುವುದು ಪೂರ್ತಿ ಹೊರೆಯಲ್ಲಲ್ಲ, ಒಂದೇ ಕೋರ್ ಗರಿಷ್ಠ ವೇಗಕ್ಕೆ ಹಾರುವಾಗ ಅಥವಾ ಸುಮ್ಮನಿರುವಾಗ. ಕೋರ್‌ಸೈಕ್ಲರ್‌ನಂಥ ಉಪಕರಣದಿಂದ ಒಂದೊಂದೇ ಕೋರನ್ನು ರಾತ್ರಿಯಿಡೀ ಪರೀಕ್ಷಿಸಿ. ಎಚ್‌ಡಬ್ಲ್ಯುಇನ್ಫೋದಲ್ಲಿ ಡಬ್ಲ್ಯುಎಚ್‌ಇಎ (ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್ ತಪ್ಪು) ದೋಷ ಒಂದಿದ್ದರೂ ಐದು ಹೆಜ್ಜೆ ಹಿಂದೆ ಬನ್ನಿ.

ಕಾರ್ಡಿನಲ್ಲಿ ಪವರ್ ಲಿಮಿಟ್ ಪೂರ್ತಿ ಏರಿಸಿ, ಕೋರ್ ವೇಗವನ್ನು 15 ಮೆಗಾಹರ್ಟ್ಸ್ ಹೆಜ್ಜೆಗಳಲ್ಲಿ ಹೆಚ್ಚಿಸಿ. ಎನ್‌ವಿಡಿಯಾ ಚಿಪ್‌ಗಳು ಬಿಸಿಯಾದಂತೆ ವೇಗ ಇಳಿಸುವುದೂ ಅದೇ ಹೆಜ್ಜೆಯಲ್ಲಿ, ತಣ್ಣನೆಯ ನೀರಿನ ಲಾಭ ಕಾಣುವುದು ಇಲ್ಲೇ. ಮೆಮೊರಿ ಏರಿಸುವಾಗ ಪರದೆ ಕೆಡುವುದನ್ನು ಕಾಯಬೇಡಿ. ಕಾರ್ಡಿನ ಜಿಡಿಡಿಆರ್6ಎಕ್ಸ್ ಮೆಮೊರಿ ತಪ್ಪಿದ ದತ್ತಾಂಶವನ್ನು ಮತ್ತೆ ಕಳಿಸುತ್ತದೆ, ಹಾಗಾಗಿ ಚಿತ್ರ ಚೆನ್ನಾಗಿದ್ದೇ ಸ್ಕೋರ್ ಇಳಿಯತೊಡಗುತ್ತದೆ. ಇಳಿದ ಕಡೆಯಿಂದ ಎರಡು ಹೆಜ್ಜೆ ಹಿಂದಕ್ಕೆ ನಿಲ್ಲಿಸಿ.

ತೊಂದರೆ ಬಂದರೆ

ನೀರು ತಣ್ಣಗಿದ್ದು ಚಿಪ್ ಬಿಸಿಯಾಗುತ್ತಿದ್ದರೆ ಬ್ಲಾಕ್ ನೋಡಿ: ಪೇಸ್ಟ್, ಅದಲುಬದಲಾದ ಬಾಯಿ, ಗೀರುಗಳಲ್ಲಿ ಕಸ. ಕಾರ್ಡಿನ ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) ಸರಾಸರಿಗಿಂತ 25 ಡಿಗ್ರಿ ಮೇಲಿದ್ದರೆ ಪ್ಯಾಡ್ ದಪ್ಪ ಅಥವಾ ಸ್ಕ್ರೂ ಬಿಗಿತ ತಪ್ಪಿದೆ. ನೀರೇ ಬಿಸಿಯಾದರೆ ಫ್ಯಾನ್ ದಿಕ್ಕು, ಫಿಲ್ಟರ್‌ನ ದೂಳು, ಒಂದು ರೇಡಿಯೇಟರ್ ಉಗುಳಿದ ಬಿಸಿ ಗಾಳಿಯನ್ನೇ ಇನ್ನೊಂದು ಉಸಿರಾಡುತ್ತಿದೆಯೇ ಎಂದು ನೋಡಿ. ಕೊನೆಯದು ಬಹಳ ಸಾಮಾನ್ಯ: ಮುಂದಿನ ರೇಡಿಯೇಟರ್ ಗಾಳಿ ಒಳಗೆಳೆದು ಮೇಲಿನದು ಹೊರಹಾಕುವಾಗ ಹಿಂದಿನ ಫ್ಯಾನನ್ನು ಒಳಕ್ಕೆ ತಿರುಗಿಸಿದರೆ ಮೇಲಿನದಕ್ಕೂ ಸ್ವಲ್ಪ ತಾಜಾ ಗಾಳಿ ಸಿಗುತ್ತದೆ.

ತಿಂಗಳಿಗೊಮ್ಮೆ ರಿಸರ್ವಾಯರ್ ಮಟ್ಟ ನೋಡಿ. ಟ್ಯೂಬ್ ಮೂಲಕ ನೀರು ಅಷ್ಟಿಷ್ಟು ಆವಿಯಾಗುತ್ತದೆ. ವರ್ಷಕ್ಕೊಮ್ಮೆ ಬಸಿದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದು ಸುತ್ತು ತೊಳೆದು, ಹೊಸ ಕೂಲಂಟ್ ಹಾಕಿ. ಬಸಿಯುವಾಗ ವಾಲ್ವ್ ತೆರೆಯುವ ಮೊದಲು ರಿಸರ್ವಾಯರ್ ಮೇಲಿನ ಮುಚ್ಚಳ ತೆಗೆಯಿರಿ, ಗಾಳಿ ಒಳಹೋಗದೆ ನೀರು ಇಳಿಯುವುದಿಲ್ಲ. ಹೊರಬಂದ ನೀರನ್ನು ಪಾರದರ್ಶಕ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ನೋಡಿ: ಹಸಿರು ಛಾಯೆ ಇದ್ದರೆ ತಾಮ್ರ ಸವೆಯುತ್ತಿದೆ, ಲೋಳೆ ಇದ್ದರೆ ಪಾಚಿ ಹುಟ್ಟಿದೆ. ಎರಡರಲ್ಲಿ ಯಾವುದು ಕಂಡರೂ ಹೊಸ ಕೂಲಂಟ್ ತುಂಬುವ ಮೊದಲು ಎರಡೂ ಬ್ಲಾಕ್‌ಗಳನ್ನು ಬಿಚ್ಚಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಗೀರುಗಳನ್ನು ಉದ್ದಕ್ಕೆ ಉಜ್ಜಿ ತೊಳೆಯಿರಿ.